ಮಗನ ಫೆಬ್ರವರಿ ಪ್ರಾಜೆಕ್ಟ್ ಬಗ್ಗೆ ಕೇಳಿದ್ದೆಯಲ್ಲ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನೀವು ವಾಷಿಂಗ್ಟನ್ ಡಿಸಿ ಹತ್ತಿರದ ಹರ್ನ್‌ಡನ್‌ಗೆ ಬಂದು ಮೂರು ತಿಂಗಳಾಯಿತು. ನಾಲ್ಕನೇ ಕ್ಲಾಸಿನ ಮಗ ಸ್ಕೂಲಿಂದ ಹಾಳೆ ತಂದಿದ್ದಾನೆ, ಬ್ಲ್ಯಾಕ್ ಹಿಸ್ಟರಿ ಮಂತ್‌ಗೆ, ಅಂದರೆ ಕಪ್ಪು ಜನರ ಇತಿಹಾಸ ನೆನೆಯುವ ಫೆಬ್ರವರಿ ತಿಂಗಳಿಗೆ, ಒಬ್ಬ ಕಪ್ಪು ಕಲಾವಿದರ ಮೇಲೆ ಪ್ರಾಜೆಕ್ಟ್ ಮಾಡಬೇಕು. ಇದಕ್ಕೂ ನಮಗೂ ಏನು ಸಂಬಂಧ, ಡಿಸಿಯಲ್ಲಿ ಕಪ್ಪು ಜನ ಇರುವ ಏರಿಯಾಗಳಿಗೆ ಹೋಗಲೇಬೇಡಿ ಅಂತ ನಮ್ಮವರೇ ಹೇಳುತ್ತಾರಲ್ಲ, ನಿಜವಾ ಅಂತ ಕೇಳಿದ್ದೀಯ.

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ನನಗೂ ಹಾಗೇ ಹೇಳಿದ್ದರು, ನಾನೂ ನಂಬಿದ್ದೆ. ಬಂದ ಹೊಸದರಲ್ಲಿ ಒಂದು ಸಂಜೆ ಆಫೀಸಿನ ಗೆಳತಿಯನ್ನು ಡಿಸಿಯ ಅನಾಕೋಸ್ಟಿಯಾ ಏರಿಯಾದ ಅವಳ ಮನೆಗೆ ಬಿಡಲು ಹೊರಟಿದ್ದೆ. ಅವಳು ಕಪ್ಪು ಹೆಂಗಸು. ಸಿಗ್ನಲ್‌ನಲ್ಲಿ ನಾಲ್ಕು ಹುಡುಗರು ರಸ್ತೆ ದಾಟಿದರು. ನನ್ನ ಬೆರಳು ತಾನಾಗಿ ಡೋರ್ ಲಾಕ್ ಒತ್ತಿತು. ಟಕ್ ಅಂದಿತು. ಅವಳು ಏನೂ ಅನ್ನಲಿಲ್ಲ. ಮನೆ ಬಂತು, ಇಳಿಯೋಕೆ ಬಾಗಿಲು ತೆರೆಯಲಿಲ್ಲ. ನನ್ನ ಕಡೆ ನೋಡದೆ, ನಿಧಾನವಾಗಿ ಲಾಕ್ ತೆಗೆದುಕೊಂಡು ಇಳಿದಳು.

ಜೇಬುಗಳ್ಳರು ಮೆಜೆಸ್ಟಿಕ್‌ನಲ್ಲೂ ಇದ್ದಾರೆ. ಹೊತ್ತುಗೊತ್ತು ನೋಡಿಕೊಂಡು ಓಡಾಡು, ಅಷ್ಟೇ. ನಮ್ಮವರ ಹೆದರಿಕೆಯ ಲೆಕ್ಕ ನನಗಂತೂ ಅರ್ಥವಾಗಿಲ್ಲ. ಲ್ಯಾನ್‌ಹ್ಯಾಮ್‌ನ ಶಿವ ವಿಷ್ಣು ದೇವಸ್ಥಾನಕ್ಕೆ ಎಲ್ಲರೂ ಓಡುತ್ತಾರಲ್ಲ, ಅದಿರುವುದು ಡಿಸಿ ಪಕ್ಕದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ. ಅಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪು ಜನವೇ. ಪುಳಿಯೋಗರೆಗೆ ಹೋಗುವಾಗ ಇಲ್ಲದ ಭಯ ಡಿಸಿಗೆ ಹಾಡು ಕೇಳೋಕೆ ಹೋಗುವಾಗ ಯಾಕೆ?

ಇನ್ನು ಸಂಬಂಧದ ಮಾತು. 1965ರ ವಲಸೆ ಕಾನೂನು ಬರುವ ತನಕ ಇಡೀ ಭಾರತಕ್ಕೆ ಅಮೆರಿಕ ಇಟ್ಟಿದ್ದ ಕೋಟಾ ವರ್ಷಕ್ಕೆ 100 ಜನ. ಒಂದು ಜನಾಂಗ ಮೇಲು, ಒಂದು ಕೀಳು ಅನ್ನುವ ಕಾನೂನುಗಳನ್ನು ಕಪ್ಪು ಜನ ಬೀದಿಗಿಳಿದು, ಏಟು ತಿಂದು, ಜೈಲಿಗೆ ಹೋಗಿ ಅಲ್ಲಾಡಿಸಿದ ಕಾಲ ಅದು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು, ಮರುವರ್ಷ ನಮ್ಮ ಬಾಗಿಲು ತೆರೆಯಿತು. ನಿನ್ನ ಗಂಡನ ವೀಸಾದ ಹಿಂದೆ ಇದೂ ಇದೆ.

ಪ್ರಾಜೆಕ್ಟ್‌ಗೆ ಎಲ್ಲರೂ ಮೈಕಲ್ ಜಾಕ್ಸನ್ ಹಿಡಿದುಕೊಂಡು ಬರುತ್ತಾರೆ. ನಿನ್ನ ಮಗನಿಗೆ ಚಕ್ ಬ್ರೌನ್ ಹೆಸರು ಹೇಳು. ಗೋ-ಗೋ ಅಂತ ಒಂದು ಸಂಗೀತ ಇದೆ, ಹುಟ್ಟಿದ್ದು ಡಿಸಿಯಲ್ಲೇ, 1970ರ ದಶಕದಲ್ಲಿ. ಅದನ್ನು ಕಟ್ಟಿದವರು ಇವರು. ಚಿಕ್ಕ ವಯಸ್ಸಿನಲ್ಲಿ ಲಾರ್ಟನ್ ಜೈಲಿನಲ್ಲಿದ್ದರು, ಗಿಟಾರ್ ಕಲಿತದ್ದು ಅಲ್ಲೇ. ಲಾರ್ಟನ್ ಎಲ್ಲೋ ಅಲ್ಲ, ನಿನ್ನ ಫೇರ್‌ಫ್ಯಾಕ್ಸ್ ಕೌಂಟಿಯಲ್ಲೇ ಇದೆ. ಆ ಜೈಲು ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ಒಂದು ಭಾಗ ಈಗ ಕಲಾಕೇಂದ್ರ.

ಡಿಸ್ಕೋ ಬಂದ ಮೇಲೆ ಬ್ಯಾಂಡ್‌ನವರಿಗೆ ಕೆಲಸ ಕಡಿಮೆಯಾಯಿತು. ಡಿಜೆ ಆದರೆ ಹಾಡಿನ ಬಾಲಕ್ಕೆ ಹಾಡು ಹಾಕುತ್ತಾನೆ, ಬ್ಯಾಂಡ್ ಪ್ರತಿ ಹಾಡಿಗೂ ನಿಲ್ಲುತ್ತದೆ. ನಿಂತ ತಕ್ಷಣ ಜನ ಹೋಗಿ ಕೂರುತ್ತಾರೆ. ಚಕ್ ಬ್ರೌನ್ ನಿಲ್ಲಿಸುವುದನ್ನೇ ಬಿಟ್ಟರು. ಹಾಡು ಮುಗಿದರೂ ಡ್ರಮ್, ಕಾಂಗಾ, ಕೌಬೆಲ್ ನಡೆಯುತ್ತಲೇ ಇರುತ್ತವೆ, ಅದರ ಮೇಲೇ ಮುಂದಿನ ಹಾಡು ಏರುತ್ತದೆ. ಗೋ-ಗೋ, ಅಂದರೆ ಹೋಗ್ತಾನೇ ಇರುವುದು. ಆ ನಡುವಿನ ಹೊತ್ತಿನಲ್ಲಿ ಮೈಕ್ ಹಿಡಿದವನು ಬಂದವರ ಹೆಸರು, ಏರಿಯಾ ಕೂಗುತ್ತಾನೆ, ಜನ ತಿರುಗಿ ಕೂಗುತ್ತಾರೆ. ನಮ್ಮ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಚೀಟಿ ಓದಿ, ಈ ಹಾಡು ಇಂಥ ಬೀದಿಯ ಗೆಳೆಯರ ಬಳಗಕ್ಕೆ ಅನ್ನುವುದಿಲ್ಲವಾ, ಹಾಗೆ.

ಗೋ-ಗೋ ಕೇಳೋಕೆ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಅದೇ ಗೆಳತಿ. ಲಾಕ್ ಒತ್ತಿದ ಎರಡು ವರ್ಷಕ್ಕೆ. ಪಾರ್ಕಿನಲ್ಲಿ ಬೇಸಿಗೆಯ ಸಂಜೆ, ನಾನು ಚೂಡಿದಾರದಲ್ಲಿ ಒಂದು ಮೂಲೆ ಹಿಡಿದು ನಿಂತಿದ್ದೆ. ಇವಳು ಸ್ಟೇಜ್ ಹತ್ತಿರ ಹೋಗಿ ಏನೋ ಹೇಳಿ ಬಂದಳು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ "ಹ್ಯಾಸ್ಸಾನ್! ಹ್ಯಾಸ್ಸಾನ್!" ಅಂತ ಕೇಳಿಸಿತು. ಯಾರಪ್ಪಾ ಇದು ಅಂತ ಸುತ್ತ ನೋಡಿದೆ. ನಮ್ಮ ಹಾಸನ! ನೂರಾರು ಜನ ಹಾಸನ ಅಂತ ಕೂಗಿದರು. ನಾಚಿಕೆಗೆ ಮುಖ ಎಲ್ಲಿಡಲಿ ಅನ್ನಿಸಿತು, ಆಮೇಲೆ ನಾನೂ ಕೂಗಿದೆ.

ಶಾ ಅನ್ನುವ ಏರಿಯಾದ ಕತೆಯನ್ನೂ ಮಗನಿಗೆ ಹೇಳು. ಅಲ್ಲಿ ಸೆವೆಂತ್ ಸ್ಟ್ರೀಟ್ ಮತ್ತು ಫ್ಲಾರಿಡಾ ಅವೆನ್ಯೂ ಕೂಡುವ ಮೂಲೆಯಲ್ಲಿ ಒಂದು ಮೊಬೈಲ್ ಅಂಗಡಿ. ಹಾಸನದ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿ ಇದ್ದ ಹಾಗೆ. 1990ರ ದಶಕದಿಂದ ಹೊರಗೆ ಸ್ಪೀಕರ್ ಇಟ್ಟು ಗೋ-ಗೋ ಹಾಕುತ್ತಿತ್ತು. 1970ರಲ್ಲಿ ಡಿಸಿಯ ಹತ್ತು ಜನರಲ್ಲಿ ಏಳು ಜನ ಕಪ್ಪು ಜನ. ಈಗ ಅರ್ಧಕ್ಕಿಂತ ಕಮ್ಮಿ. ಬಾಡಿಗೆ ಏರಿ ಹಳಬರು ಹೋದರು, ಹೊಸ ಅಪಾರ್ಟ್‌ಮೆಂಟ್ ಬಂದವು, ಸದ್ದು ಜಾಸ್ತಿ ಅಂತ ದೂರು ಬಂತು. 2019ರ ಏಪ್ರಿಲ್‌ನಲ್ಲಿ ಹಾಡು ನಿಂತಿತು. ಜನ ಸುಮ್ಮನಿರಲಿಲ್ಲ. 'ಡೋಂಟ್ ಮ್ಯೂಟ್ ಡಿಸಿ' ಅಂತ ಬೀದಿಗೆ ಬಂದರು. ಜಗಳ ಆಡಲಿಲ್ಲ, ಬ್ಯಾಂಡ್ ತಂದು ರಸ್ತೆಯಲ್ಲೇ ಕುಣಿದರು. ಕೆಲವೇ ದಿನಕ್ಕೆ ಹಾಡು ವಾಪಸ್ ಬಂತು. ಮರುವರ್ಷ ಗೋ-ಗೋ ಡಿಸಿಯ ಅಧಿಕೃತ ಸಂಗೀತ ಅಂತ ಕಾನೂನೇ ಆಯಿತು. ಅಂದಹಾಗೆ, ನಿನ್ನ ಮಗನ ಫೆಬ್ರವರಿ ಕೂಡ ಇದೇ ಶಾ ಏರಿಯಾದ್ದು. 1926ರಲ್ಲಿ ಅದನ್ನು ಬರೀ ಒಂದು ವಾರದ ಆಚರಣೆಯಾಗಿ ಶುರು ಮಾಡಿದ ಇತಿಹಾಸಕಾರ ಕಾರ್ಟರ್ ವುಡ್‌ಸನ್ ಮನೆ ಅಲ್ಲೇ.

ಕುಣಿತ ಇಷ್ಟವಾದರೆ ಸ್ಟೆಪ್ ಆಫ್ರಿಕಾ ತಂಡದ ಶೋ ಹುಡುಕು. ವಾದ್ಯವೇ ಬೇಡ, ಕಾಲು ಅಪ್ಪಳಿಸಿ, ಕೈ ತಟ್ಟಿ, ಮೈಯನ್ನೇ ಡೊಳ್ಳು ಮಾಡಿಕೊಳ್ಳುತ್ತಾರೆ. ಹಾಸ್ಯ ನಿಮ್ಮಿಬ್ಬರಿಗೆ, ಮಗ ಮಲಗಿದ ಮೇಲೆ. ಡಿಸಿಯ ಕೆನಡಿ ಸೆಂಟರ್ ಹಾಸ್ಯಕ್ಕೆ ಕೊಡುವ ಮಾರ್ಕ್ ಟ್ವೇನ್ ಪ್ರಶಸ್ತಿ 1998ರಲ್ಲಿ ಮೊದಲು ಸಿಕ್ಕಿದ್ದು ಕಪ್ಪು ಹಾಸ್ಯಗಾರ ರಿಚರ್ಡ್ ಪ್ರಯರ್‌ಗೆ. ಅವರ ಶೋ ನೋಡಿ. ಬೈಗುಳ ಹೇರಳ, ಆದರೆ ನಗುತ್ತಾ ನಗುತ್ತಾ ಗಂಟಲು ಕಟ್ಟುತ್ತದೆ.

ಶನಿವಾರ ಮೂವರೂ ಡಿಸಿಯ ನ್ಯಾಷನಲ್ ಮಾಲ್ ಅನ್ನುವ ದೊಡ್ಡ ಮೈದಾನದಲ್ಲಿರುವ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂಗೆ ಹೋಗಿ. ಫ್ರೀ, ಆದರೆ ಪಾಸ್ ಮೊದಲೇ ತೆಗೆದುಕೊಳ್ಳಬೇಕು. ಗುಲಾಮಗಿರಿಯ ಇತಿಹಾಸ ನೆಲದಡಿಯಲ್ಲಿದೆ, ಸಂಗೀತ ಮೇಲಿನ ಮಹಡಿಯಲ್ಲಿ. ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿಯ ಕೆಂಪು ಕ್ಯಾಡಿಲಾಕ್ ಕಾರು ಕಂಡರೆ ಮಗ ಅಲ್ಲಿಂದ ಕದಲಲ್ಲ. ಆದರೂ ಕೆಳಗಿಂದಲೇ ಶುರು ಮಾಡಿ. ಒಂದು ಮಾತು, ಹೋಗುವ ಮೊದಲು ಮನೆಯಲ್ಲಿ 'ಕರಿಯರು' ಅನ್ನುವ ಪದ ನಿಲ್ಲಿಸಿ. ಮಕ್ಕಳ ಕಿವಿಗೆ ಕನ್ನಡ ಬೇರೆ ಸಮಯದಲ್ಲಿ ಬೀಳದಿದ್ದರೂ ಇಂಥದ್ದು ಬೀಳುತ್ತದೆ.

ಪ್ರಾಜೆಕ್ಟ್‌ಗೆ ಬರೀ ಚಾರ್ಟ್ ಅಂಟಿಸಿ ಕಳಿಸಬೇಡ. ಡಿಸಿಯ ಹುಡುಗರು ಮೂಲೆ ಮೂಲೆಯಲ್ಲಿ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಬಾರಿಸುತ್ತಾರೆ, ನೋಡಿಕೊಂಡು ಬರಲಿ. ಬಚ್ಚಲಮನೆಯ ಬಕೆಟ್ ಕೊಡು, ಮನೆಯಲ್ಲಿ ಪ್ರಾಕ್ಟೀಸ್ ಮಾಡಲಿ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರೆ ಆ ಮೊಬೈಲ್ ಅಂಗಡಿ ಕತೆ ಹೇಳು. ಅದಕ್ಕೂ ಬಗ್ಗದಿದ್ದರೆ ಹುಡುಗನನ್ನು ಬಕೆಟ್ ಸಮೇತ ನಮ್ಮ ಮನೆಗೆ ಕಳಿಸು, ನಮ್ಮ ಬೇಸ್‌ಮೆಂಟ್ ಖಾಲಿ ಇದೆ.