‘ಮನೆಗೆ ಹೋಗೋಣ’ ಅಂತ ಅಮ್ಮ ಯಾಕೆ ಹೇಳ್ತಾರೆ?

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ 84 ವರ್ಷ, ತುಂಬಾ ನಿಶ್ಶಕ್ತಿ. ಈ ವರ್ಷ ಮೂರು ಸಲ ಎಮರ್ಜೆನ್ಸಿಗೆ ಕರೆದುಕೊಂಡು ಹೋದೆವು. ಪ್ರತಿ ಸಲವೂ ‘ಮನೆಗೆ ಹೋಗೋಣ’ ಅನ್ನುತ್ತಾರೆ. ಏನು ಬೇಕಮ್ಮಾ ಅಂದರೆ ‘ನಿಮಗೆ ಸರಿ ಅನ್ನಿಸಿದ್ದು ಮಾಡಿ’ ಅಂತಾರೆ. ಅವರ ಮನಸ್ಸು ತಿಳಿಯುವುದು ಹೇಗೆ?

ಉತ್ತರ: ಆ ಮಾತು ಕೇಳಿ ಅಮ್ಮನಿಗೆ ಚಿಕಿತ್ಸೆಯೇ ಬೇಡ ಅಂದುಕೊಳ್ಳಬೇಡಿ. ಒಬ್ಬ ಅಜ್ಜಿ ರಾತ್ರಿಯಿಡೀ ಹೀಗೇ ಹೇಳುತ್ತಿದ್ದರು. ಮಗ ಸ್ಕ್ಯಾನ್, ರಕ್ತ ಪರೀಕ್ಷೆ ಅಂತ ಓಡಾಡುತ್ತಿದ್ದ. ನಾನು ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಾಗಿ, ‘ಮನೆಗೆ ಹೋದ ತಕ್ಷಣ ಏನು ಮಾಡ್ತೀರಿ?’ ಅಂತ ಕೇಳಿದೆ. ‘ಮೊದಲು ಬಾತ್‌ರೂಮಿಗೆ’ ಅಂದರು. ನಾವು ಡೈಪರ್ ಹಾಕಿ, ಟ್ರಾಲಿಯ ಎರಡೂ ಕಡೆ ಕಂಬಿ ಏರಿಸಿ, ಅದರಲ್ಲೇ ಮಾಡಿ ಅಂದುಬಿಟ್ಟಿದ್ದೆವು. ಅವರಿಗೆ ಮನಸ್ಸು ಬಂದಿರಲಿಲ್ಲ, ಐದು ಗಂಟೆ ತಡೆದುಕೊಂಡಿದ್ದರು. ಅವರನ್ನು ಎಬ್ಬಿಸಿ ಕರೆದುಕೊಂಡು ಹೋಗಿ ಬಂದ ಮೇಲೆ ಮನೆಯ ಮಾತೇ ಬರಲಿಲ್ಲ.

ಕೂತು ಕೇಳಿದರೆ ಹಿರಿಯರು ಹೇಳುವುದು ಇಂಥವೇ ಜಾಸ್ತಿ. ನೋವು ಕಡಿಮೆಯಾಗಲಿ, ಏನಾಗುತ್ತಿದೆ ಅಂತ ನನಗೂ ಹೇಳಿ, ಮೊದಲಿನ ಹಾಗೆ ನಡೆದರೆ ಸಾಕು, ಮಕ್ಕಳಿಗೆ ಭಾರವಾಗಬಾರದು. ‘ನಿಮಗೆ ಸರಿ ಅನ್ನಿಸಿದ್ದು’ ಅನ್ನುವುದರ ಹಿಂದೆಯೂ ಎಷ್ಟೋ ಸಲ ಮಕ್ಕಳಿಗೆ ಭಾರವಾಗುವ ಈ ಭಯವೇ ಇರುತ್ತದೆ. ಇಲ್ಲವೇ ಅವರಿಗೆ ಸರಿಯಾಗಿ ಕೇಳಿಸಿರುವುದಿಲ್ಲ, ಕಿವಿಯ ಮೆಷಿನ್ ಮನೆಯಲ್ಲೇ ಉಳಿದಿರುತ್ತದೆ. ಅದು, ಕನ್ನಡಕ, ಹಲ್ಲಿನ ಸೆಟ್ ಮೂರನ್ನೂ ಮರೆಯದೆ ಒಯ್ಯಿರಿ.

ಇದನ್ನೆಲ್ಲ ಟ್ರಾಲಿಯ ಪಕ್ಕ ನಿಂತು ಕೇಳುವುದು ಕಷ್ಟ, ಅಲ್ವಾ? ಮನೆಯಲ್ಲಿ, ಅಮ್ಮ ಆರಾಮಾಗಿರುವ ದಿನ ಕೇಳಿ. ಆಸ್ಪತ್ರೆ ಅಂದರೆ ಯಾವುದಕ್ಕೆ ಹೆದರಿಕೆ? ವಾಸಿಯಾದ ಮೇಲೆ ಯಾವ ಒಂದು ಕೆಲಸ ಮತ್ತೆ ಮಾಡಲೇಬೇಕು? ಯಾವ ಚಿಕಿತ್ಸೆ ಖಂಡಿತ ಬೇಡ? ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದು ಮಾತ್ರೆಗಳ ಪಟ್ಟಿಯ ಜೊತೆ ಇಡಿ. ಮನಸ್ಸು ಬದಲಾಗಬಹುದು, ಆಗಾಗ ಮತ್ತೆ ಕೇಳಿ.

ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ, ಅದಕ್ಕೆ ಎರಡು ವಾರ ಮೊದಲು ಅಮ್ಮ ಏನೇನು ಮಾಡುತ್ತಿದ್ದರು ಅಂತಲೂ ಅದೇ ಹಾಳೆಯಲ್ಲಿ ಇರಲಿ. ನಿಶ್ಶಕ್ತಿಯನ್ನು ಅಳೆಯಲು ಕೆನಡಾದ ವೈದ್ಯ ಕೆನೆತ್ ರಾಕ್‌ವುಡ್ ಮತ್ತು ಜೊತೆಗಾರರು 2005ರಲ್ಲಿ ಒಂದು ಅಳತೆ ಮಾಡಿದರು, ಈಗ ಅದು 1ರಿಂದ 9ರವರೆಗಿದೆ. ಅದರಲ್ಲಿ ನೋಡುವುದು ಎರಡು ವಾರದ ಹಿಂದಿನ ಸ್ಥಿತಿಯನ್ನು, ಯಾಕೆಂದರೆ ಕಾಯಿಲೆಯ ದಿನ ಎಲ್ಲರೂ ಸೋತುಹೋದವರಂತೆಯೇ ಕಾಣುತ್ತಾರೆ. ಅಮ್ಮ ಇದ್ದಕ್ಕಿದ್ದಂತೆ ಗೊಂದಲದಲ್ಲಿ ಮಾತಾಡಿದರೆ, ಅಥವಾ ಯಾವತ್ತೂ ಇಲ್ಲದಷ್ಟು ಮಂಕಾಗಿ ಮಲಗಿದರೆ, ‘ಇವರು ಹೀಗಿರಲಿಲ್ಲ’ ಅಂತ ಒತ್ತಿ ಹೇಳಿ. ಅದು ಡೆಲಿರಿಯಂ, ಅಂದರೆ ಕಾಯಿಲೆಯಿಂದ ದಿಢೀರನೆ ಬರುವ ಬುದ್ಧಿಯ ಗೊಂದಲ, ಇರಬಹುದು. ವಯಸ್ಸು ಅಂತ ಅದನ್ನು ಬಿಟ್ಟುಬಿಡುವುದೇ ಜಾಸ್ತಿ, ಸುಮ್ಮನೆ ಮಲಗಿರುವವರಲ್ಲಂತೂ ಗೊತ್ತೇ ಆಗುವುದಿಲ್ಲ.

ಮುಂದಿನ ಸಲ ಡಾಕ್ಟರು ನಿಮ್ಮ ಮುಖ ನೋಡಿ ಮಾತು ಶುರು ಮಾಡಿದರೆ, ‘ಮೊದಲು ಅಮ್ಮನನ್ನೇ ಕೇಳಿ, ಬಿಟ್ಟುಹೋದದ್ದನ್ನು ನಾನು ಹೇಳ್ತೀನಿ’ ಅನ್ನಿ. ಅಮ್ಮ ಉತ್ತರ ಕೊಡಲು ತಡ ಮಾಡಿದರೂ ನಡುವೆ ಬಾಯಿ ಹಾಕಬೇಡಿ.