ಗದೆ ಕೆಳಗಿಟ್ಟವನ ಹಾಡು

ಓದುಗರ ಪತ್ರ: "ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯ ಸಂಗೀತ ಪುಟದಲ್ಲಿ ಅಮೆರಿಕದ ರ‍್ಯಾಪ್ ಗಾಯಕ ಸ್ನೂಪ್ ಡಾಗ್‌ನ ಎರಡನೆಯ ಆಲ್ಬಂ 'ದಾ ಡಾಗ್‌ಫಾದರ್' ಅನ್ನು ಹೊಗಳಿ ಬರೆದಿದ್ದೀರಿ. ನನ್ನ ಅಣ್ಣ ರ‍್ಯಾಪ್ ಸಂಗೀತವನ್ನು ಇಪ್ಪತ್ತೈದು ವರ್ಷಗಳಿಂದ ಕೇಳುತ್ತಿರುವವನು. ಮೊದಲ ಆಲ್ಬಮ್ಮಿಗೆ ಸಂಗೀತ ಕಟ್ಟಿದ ಡಾಕ್ಟರ್ ಡ್ರೆ ಇಲ್ಲದ ಸ್ನೂಪ್ ಹಲ್ಲು ಕಿತ್ತ ಹಾವು ಎನ್ನುವುದು ಅವನ ತೀರ್ಮಾನ. ನನ್ನದೂ ಹೆಚ್ಚುಕಡಿಮೆ ಅದೇ. ಮೊದಲ ಆಲ್ಬಮ್ಮಿನ ಕಿಚ್ಚು ಎರಡನೆಯದರಲ್ಲಿ ಎಲ್ಲಿದೆ? ಅಲ್ಲಿ ಇಲ್ಲಿ ಓದಿದರೆ ಒಬ್ಬರು ಮೆಚ್ಚುತ್ತಾರೆ, ಇನ್ನೊಬ್ಬರು ಕಸ ಎನ್ನುತ್ತಾರೆ. ಯಾರ ಮಾತು ನಂಬಬೇಕು?" (ದಾವಣಗೆರೆಯಿಂದ ಓದುಗರೊಬ್ಬರು)

ಪ್ರಿಯ ಮಿತ್ರರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೇಲೆ ಅಚ್ಚಾಗಿರುವುದಲ್ಲದೆ, ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ಆದರೂ ಅದರಲ್ಲಿ ಒಂದು ಹಾಡನ್ನು ಆಗಾಗ ಕೇಳುತ್ತೇನೆ" ಎಂದು ಬರೆದು, ಅಣ್ಣನಿಗೆ ಗೊತ್ತಾಗಬಾರದು ಎನ್ನುವಂತೆ ಅರ್ಧ ಹೊಡೆದು ಹಾಕಿದ್ದೀರಿ. ಇಷ್ಟು ಉದ್ದದ ಉತ್ತರ ಬರೆಯಲು ನನ್ನನ್ನು ಕೂರಿಸಿದ್ದು ಆ ಅರ್ಧ ಹೊಡೆದ ಸಾಲು.

ಮೊದಲು ನಿಮ್ಮ ಅಣ್ಣನವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಡ್ರೆ ಇಲ್ಲದ ಕೊರತೆ ಆ ಆಲ್ಬಮ್ಮಿನಲ್ಲಿ ಕೇಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. 1993ರ ನವೆಂಬರ್‌ನಲ್ಲಿ ಬಂದ ಮೊದಲ ಆಲ್ಬಂ 'ಡಾಗಿಸ್ಟೈಲ್'ನಲ್ಲಿ ಪ್ರತಿಯೊಂದು ಸದ್ದನ್ನೂ ಡ್ರೆ ತೂಗಿ ಇಟ್ಟಿದ್ದರು. ಎಪ್ಪತ್ತರ ದಶಕದ ಫಂಕ್ ಸಂಗೀತದ ದಪ್ಪನೆಯ ಬೇಸ್, ಅದರ ಮೇಲೆ ಸಿಂಥಸೈಸರಿನ ಸಣ್ಣಗೆ ಎಳೆದ ಶಿಳ್ಳೆಯಂಥ ಸ್ವರ, ಇವೆರಡರ ನಡುವೆ ಅವಸರವೇ ಇಲ್ಲದ ಸ್ನೂಪ್‌ನ ದನಿ. ಆ ಆಲ್ಬಂ ಮೊದಲ ವಾರದಲ್ಲೇ 8 ಲಕ್ಷ ಪ್ರತಿ ಮಾರಾಟವಾಗಿ ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಒಂದನೆಯ ಸ್ಥಾನಕ್ಕೆ ಹೋಗಿ ಕುಳಿತಿತು. ಮೂರು ವರ್ಷದ ನಂತರ, 1996ರ ನವೆಂಬರ್ 12ರಂದು ಬಂದ 'ದಾ ಡಾಗ್‌ಫಾದರ್' ಕೂಡ ಒಂದನೆಯ ಸ್ಥಾನಕ್ಕೇ ಬಂತು. ಆದರೆ ಮೊದಲ ವಾರದ ಮಾರಾಟ 5 ಲಕ್ಷವನ್ನು ಮುಟ್ಟಲಿಲ್ಲ. 21 ತುಣುಕುಗಳ ಆಲ್ಬಂ ಅದು, ಐದಾರನ್ನು ಕೈಬಿಟ್ಟಿದ್ದರೆ ಬಿಗಿ ಹೆಚ್ಚುತ್ತಿತ್ತು. ಹೆಂಗಸರ ಬಗ್ಗೆ ಆಡಿದ ಕೀಳು ಮಾತುಗಳು ಎರಡೂ ಆಲ್ಬಮ್ಮುಗಳಲ್ಲಿವೆ. ಅವನ್ನು ಅಂದೂ ಸಮರ್ಥಿಸಿಲ್ಲ, ಇಂದೂ ಸಮರ್ಥಿಸುವುದಿಲ್ಲ.

ಇಷ್ಟು ಒಪ್ಪಿದ ಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಿಚ್ಚು ಎಲ್ಲಿ ಎಂದು ಕೇಳಿದಿರಿ. ಹಲ್ಲು ಕಿತ್ತ ಹಾವು ಎಂದಿರಿ. ಆ ಹಾವು ಯಾರನ್ನು ಕಚ್ಚಬೇಕಿತ್ತು ಎಂದು ನಾನು ನಿಮ್ಮನ್ನೇ ಕೇಳುತ್ತೇನೆ.

ಆ ಎರಡು ಆಲ್ಬಮ್ಮುಗಳ ನಡುವಿನ ಮೂರು ವರ್ಷಗಳಲ್ಲಿ, ಅದಕ್ಕೆ ಸ್ವಲ್ಪ ಮುಂಚೆಯೂ, ಏನಾಯಿತೆಂದು ಒಮ್ಮೆ ನೋಡಿ. 1993ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ನೂಪ್‌ನ ಅಂಗರಕ್ಷಕ ಹಾರಿಸಿದ ಗುಂಡಿಗೆ ಒಬ್ಬ ಯುವಕ ಸತ್ತ. ಕೊಲೆ ಆರೋಪ ಸ್ನೂಪ್‌ನ ಮೇಲೂ ಬಂತು. ಆಗ ಆತನಿಗೆ ಇನ್ನೂ 22 ತುಂಬಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಎಂಟಿವಿಯ ಪ್ರಶಸ್ತಿ ಸಮಾರಂಭದ ವೇದಿಕೆಯಲ್ಲಿ ಡ್ರೆ ಮತ್ತು ಫಂಕ್ ಸಂಗೀತದ ಹಿರಿಯ ಜಾರ್ಜ್ ಕ್ಲಿಂಟನ್ ಜೊತೆ ನಿಂತು ಪ್ರಶಸ್ತಿ ಕೊಟ್ಟು, ಅಲ್ಲಿಂದ ಹೋಗಿ ಪೊಲೀಸರಿಗೆ ಶರಣಾದ. ಮೊದಲ ಆಲ್ಬಂ ಹೊರಬಂದದ್ದು ಆತ ಜಾಮೀನಿನ ಮೇಲಿದ್ದಾಗ. ಮೊಕದ್ದಮೆ ಇನ್ನೂ ಬಾಕಿ ಇರುವಾಗಲೇ, 1994ರಲ್ಲಿ, 'ಮರ್ಡರ್ ವಾಸ್ ದ ಕೇಸ್' ಎಂಬ ಆತನ ಹಾಡನ್ನು ಕಿರುಚಿತ್ರ ಮಾಡಿ ಅದರ ಸಂಗೀತವನ್ನು ಮಾರಿದರು, ಅದೂ ಪಟ್ಟಿಯ ತುದಿಗೆ ಹೋಯಿತು. ಒಬ್ಬ ಹುಡುಗ ಜೀವಾವಧಿ ಶಿಕ್ಷೆಯ ಭಯದಲ್ಲಿ ನ್ಯಾಯಾಲಯಕ್ಕೆ ಅಲೆಯುತ್ತಿರುವಾಗ, ಅದೇ ಭಯವನ್ನು ಹೋಲುವ ಕಥೆಯನ್ನು ಕೊಂಡು ಕೇಳಿದ ಲಕ್ಷಾಂತರ ಜನರಿದ್ದರು.

1996ರ ಫೆಬ್ರುವರಿ 20ರಂದು ಜ್ಯೂರಿ ಸ್ನೂಪ್‌ನನ್ನು ಕೊಲೆ ಆರೋಪದಿಂದ ಮುಕ್ತಗೊಳಿಸಿತು. ಅಷ್ಟರಲ್ಲಿ ಆತ ತಂದೆಯಾಗಿದ್ದ, ಮೊದಲ ಮಗ ಹುಟ್ಟಿದ್ದು 1994ರಲ್ಲಿ. ಮಾರ್ಚ್‌ನಲ್ಲಿ ಡ್ರೆ ಇಬ್ಬರ ಹಾಡುಗಳನ್ನೂ ಹೊರತರುತ್ತಿದ್ದ ಡೆತ್ ರೋ ಕಂಪನಿಯನ್ನು ಬಿಟ್ಟು ಹೊರನಡೆದರು. ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಅದೇ ಕಂಪನಿಯ ರ‍್ಯಾಪರ್ ಟೂಪಾಕ್ ಶಕೂರ್‌ಗೆ ಗುಂಡು ತಗುಲಿತು, ಆರು ದಿನದ ನಂತರ ಟೂಪಾಕ್ ತೀರಿಕೊಂಡ. ಅಕ್ಟೋಬರ್‌ನಲ್ಲಿ ಕಂಪನಿಯ ಮಾಲೀಕ ಶುಗ್ ನೈಟ್ ಜೈಲು ಸೇರಿದ. ನವೆಂಬರ್‌ನಲ್ಲಿ ಆಲ್ಬಂ ಬಂತು, ಅದರಲ್ಲಿ ಕೊಲೆಯ ಮಾತು ಕಡಿಮೆ, ಕುಣಿತದ ಹಾಡು ಹೆಚ್ಚು.

ಸ್ನೂಪ್ ಮೆತ್ತಗಾದ ಎಂದು ವಿಮರ್ಶಕರು ಬರೆದರು. ನಾನು ಹಳೆಯ ಪತ್ರಿಕೆಗಳನ್ನು ಓದುವಾಗ ಹೊಟ್ಟೆ ಉರಿಯುವುದು ಇಲ್ಲಿ. ಅದಕ್ಕೆ ಎರಡೂ ಮುಕ್ಕಾಲು ವರ್ಷ ಹಿಂದೆ, 1994ರ ಫೆಬ್ರುವರಿಯಲ್ಲಿ, ಇದೇ ಸ್ನೂಪ್‌ನ ಮೊದಲ ಆಲ್ಬಮ್ಮಿನ ಮುಖಪುಟ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಚರ್ಚೆಯಾಗಿತ್ತು. ನಾಗರಿಕ ಹಕ್ಕುಗಳ ಹೋರಾಟದಿಂದ ಬಂದ ಸಿ. ಡೆಲೊರೆಸ್ ಟಕರ್ ಇಂಥ ಹಾಡುಗಳ ಸಾಹಿತ್ಯದ ವಿರುದ್ಧ ಊರೂರು ಸುತ್ತಿ ಮಾತನಾಡುತ್ತಿದ್ದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಬಂದೂಕಿನ ಮಾತು ಬಿಡು ಎಂದು ಒಂದು ಕಡೆ, ಬಿಟ್ಟ ಕೂಡಲೇ ಯಾಕೆ ಬಿಟ್ಟೆ ಎಂದು ಇನ್ನೊಂದು ಕಡೆ. ಇಬ್ಬರ ನಡುವೆ ನಿಂತವನಿಗೆ 25 ವರ್ಷ, ಮನೆಯಲ್ಲಿ ಎರಡು ವರ್ಷದ ಮಗು.

ಡ್ರೆ ಇದ್ದಿದ್ದರೆ ಕಿಚ್ಚು ಉಳಿಯುತ್ತಿತ್ತು ಎಂದು ನಿಮ್ಮ ಅಣ್ಣನವರು ಹೇಳಬಹುದು. ಅದೇ ನವೆಂಬರ್‌ನಲ್ಲಿ ಡ್ರೆ ತಮ್ಮ ಹೊಸ ಕಂಪನಿಯಿಂದ ಹೊರತಂದ ಸಂಕಲನವನ್ನು ಅವರು ಮತ್ತೆ ಕೇಳಲಿ. ಅಲ್ಲಿ ಡ್ರೆ ಹಾಡಿದ 'ಬೀನ್ ದೇರ್, ಡನ್ ದಟ್' ಗ್ಯಾಂಗ್‌ಸ್ಟಾ, ಅಂದರೆ ರೌಡಿ, ಬದುಕಿಗೆ ಕೈಮುಗಿದು ಹೊರಟವನ ಹಾಡು. ಬೇರೆಬೇರೆಯಾದ ಗುರು ಶಿಷ್ಯರಿಬ್ಬರೂ ಎರಡು ವಾರಗಳ ಅಂತರದಲ್ಲಿ ಒಂದೇ ಬಾಗಿಲಿಂದ ಹೊರಬಂದಿದ್ದರು. ಆ ಸಂಕಲನಕ್ಕೂ ಸಿಕ್ಕಿದ್ದು ಅರೆಮನಸ್ಸಿನ ಸ್ವಾಗತವೇ. ಇದನ್ನು ನೋಡಿದ ಮೇಲೆ ಎಲ್ಲವನ್ನೂ ಡ್ರೆಯ ಗೈರುಹಾಜರಿಯ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿ ನನ್ನ ಸೋದರಮಾವನ ಕಥೆ ಹೇಳಬೇಕು. ಈ ಆಲ್ಬಂ ನನಗೆ ಅರ್ಥವಾದದ್ದು ಅವರಿಂದ.

ತುಮಕೂರು ಕಡೆಯ ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ ಪೌರಾಣಿಕ ನಾಟಕ ಆಡುತ್ತಿದ್ದರು. ಮಾವ ಭೀಮನ ಪಾತ್ರಕ್ಕೆ ಹೆಸರಾದವರು. ದುಶ್ಶಾಸನನ ಎದೆ ಬಗೆಯುವ ದೃಶ್ಯದಲ್ಲಿ ಅವರು ಗದೆ ಎತ್ತಿ ಅಬ್ಬರಿಸಿದರೆ ಮುಂದೆ ಕುಳಿತ ಮಕ್ಕಳು ಅಮ್ಮಂದಿರ ಸೆರಗು ಹಿಡಿಯುತ್ತಿದ್ದರು, ಹಿಂದಿನಿಂದ "ಒನ್ಸ್ ಮೋರ್" ಬರುತ್ತಿತ್ತು. ಒಂದು ವರ್ಷ ಜಮೀನಿನ ಗಲಾಟೆಯಲ್ಲಿ ಪಕ್ಕದ ಊರಿನವನೊಬ್ಬ ಸತ್ತ. ಜಗಳದ ಜಾಗದಲ್ಲಿದ್ದ ಏಳು ಜನರ ಮೇಲೆ ಕೇಸಾಯಿತು, ಅದರಲ್ಲಿ ಮಾವನೂ ಒಬ್ಬರು. ನಾಲ್ಕು ವರ್ಷ ಕೋರ್ಟಿಗೆ ಅಲೆದರು. ಕೊನೆಗೆ ಖುಲಾಸೆಯಾಗಿ ಮನೆಗೆ ಬಂದರು. ಆ ಬೇಸಿಗೆಯಲ್ಲಿ ಊರಿನವರು ಉತ್ಸಾಹದಿಂದ ಮತ್ತೆ ನಾಟಕ ಕಟ್ಟಿದರು. ಭೀಮ ವಾಪಸು ಬಂದಿದ್ದಾನೆ ಎಂದೇ ಸುತ್ತಲ ಹಳ್ಳಿಗಳಿಗೆ ಹೇಳಿ ಕಳಿಸಿದ್ದರು.

ಅಭ್ಯಾಸದ ಮೊದಲ ರಾತ್ರಿ ನಾನು ಅಲ್ಲಿದ್ದೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಕುಳಿತಿದ್ದರು. ಬಂಗಾರದ ಬಣ್ಣದ ಕಾಗದ ಅಂಟಿಸಿದ ಹಗುರ ಗದೆಯನ್ನು ಯಾರೋ ಮಾವನ ಕೈಗೆ ಕೊಟ್ಟರು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗೋಡೆಗೆ ಒರಗಿಸಿ ಇಟ್ಟು, "ಮೇಷ್ಟ್ರೇ, ಈ ಸಲ ನನಗೆ ವಿದುರನ ಪಾತ್ರ ಕೊಡಿ" ಎಂದರು.

ನಾಟಕ ನಡೆಯಿತು. ಮಾವ ವಿದುರನಾಗಿ ಹಾಡಿದರು, ದನಿ ಏರಿಸದೆ. ಮರುದಿನ ಅರಳಿಕಟ್ಟೆಯಲ್ಲಿ ಜನ ಆಡಿದ್ದು ಒಂದೇ ಮಾತು: "ಮೊದಲಿನ ಖದರ್ ಇಲ್ಲ ಬಿಡು." ಅವರಿಗೆ ಅಬ್ಬರ ಬೇಕಾಗಿತ್ತು. ರಕ್ತ ನಿಜವಾಗಿ ಹರಿದದ್ದನ್ನು ನೋಡಿ ಬಂದವನ ಬಾಯಿಂದ ಮತ್ತೆ ರಕ್ತದ ಪದ್ಯ ಕೇಳಬೇಕಾಗಿತ್ತು. ಆ ಕಟ್ಟೆಯ ಮೇಲೆ ಹುಡುಗನಾಗಿದ್ದ ನಾನೂ ಕುಳಿತಿದ್ದೆ, ಒಂದು ಮಾತೂ ಆಡಲಿಲ್ಲ. ಇಷ್ಟು ವರ್ಷವಾದರೂ ಆ ಮೌನ ನನ್ನನ್ನು ಬಿಟ್ಟಿಲ್ಲ.

ಇನ್ನು ಹಾಡುಗಳ ವಿಷಯ. 'ದಾ ಡಾಗ್‌ಫಾದರ್'ನಲ್ಲಿ 'ವೇಪರ್ಸ್' ಎಂಬ ಹಾಡಿದೆ. ಇದು 1988ರಲ್ಲಿ ನ್ಯೂಯಾರ್ಕಿನ ರ‍್ಯಾಪರ್ ಬಿಜ್ ಮಾರ್ಕಿ ಹಾಡಿದ್ದು. ಕೈಯಲ್ಲಿ ಕಾಸಿಲ್ಲದಾಗ ಮುಖ ತಿರುಗಿಸಿದವರು, ಹೆಸರು ಬಂದ ಕೂಡಲೇ ಹಿಂದೆ ಬೀಳುವ ಕಥೆ. ಸ್ನೂಪ್ ಅದನ್ನು ತನ್ನ ಗೆಳೆಯರ ಕಥೆಯಾಗಿ ಬದಲಿಸಿ ಹಾಡಿದ್ದಾನೆ. ಸ್ವಂತದ್ದು ಏನೂ ಇಲ್ಲದೆ ಹಳೆಯದನ್ನು ಎತ್ತಿಕೊಂಡ ಎಂದು ಆಡಿಕೊಳ್ಳುವವರಿದ್ದಾರೆ. 'ಡಾಗಿಸ್ಟೈಲ್'ನ 'ಲೋಡಿ ಡೋಡಿ' ಏನು ಹಾಗಾದರೆ? ಅದು ಸ್ಲಿಕ್ ರಿಕ್ 1985ರಲ್ಲಿ ಹಾಡಿದ ಹಾಡಿನ ಮರುರೂಪ. ಅಲ್ಲಿ ಅದನ್ನು ಹಿರಿಯರಿಗೆ ಸಲ್ಲಿಸಿದ ಗೌರವ ಎಂದರು. ಅದೇ ಕೆಲಸ, ಅದೇ ದನಿ, ಅದೇ ಪ್ರೀತಿ. ಒಂದಕ್ಕೆ ಹೂವು, ಇನ್ನೊಂದಕ್ಕೆ ಕಲ್ಲು.

ಆದರೆ ನನಗೆ ಅತ್ಯಂತ ಪ್ರಿಯವಾದದ್ದು 'ಸ್ನೂಪ್ಸ್ ಅಪ್‌ಸೈಡ್ ಯಾ ಹೆಡ್'. ಇದರ ಮೂಲ 1979ರ ಗ್ಯಾಪ್ ಬ್ಯಾಂಡ್‌ನದು. ಓಕ್ಲಹಾಮಾದ ಟಲ್ಸಾ ಊರಿನ ವಿಲ್ಸನ್ ಸಹೋದರರ ತಂಡ ಅದು. ಗ್ರೀನ್‌ವುಡ್, ಆರ್ಚರ್, ಪೈನ್ ಎಂಬ ಮೂರು ಬೀದಿಗಳ ಮೊದಲ ಅಕ್ಷರಗಳನ್ನು ಸೇರಿಸಿ 'ಗ್ಯಾಪ್' ಎಂದು ಹೆಸರಿಟ್ಟುಕೊಂಡರು. 1921ರಲ್ಲಿ ಬಿಳಿಯರ ಗುಂಪು ಸುಟ್ಟು ಬೂದಿ ಮಾಡಿದ ಕರಿಯರ ಕೇರಿ ಅದೇ ಗ್ರೀನ್‌ವುಡ್. ಆ ತಂಡದ ಮುಖ್ಯ ಗಾಯಕ ಚಾರ್ಲಿ ವಿಲ್ಸನ್ ಎಂಬತ್ತರ ದಶಕದ ಯಶಸ್ಸಿನ ನಂತರ ಮಾದಕ ವಸ್ತುವಿನ ಚಟಕ್ಕೆ ಬಿದ್ದು, ಮನೆಯೂ ಇಲ್ಲದೆ ಹಾಲಿವುಡ್‌ನ ಬೀದಿಯಲ್ಲಿ ಮಲಗಿದ್ದ ಕಾಲವಿತ್ತು. ಇದನ್ನು ವಿಲ್ಸನ್ ತಾನೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾನೆ. 1995ರಲ್ಲಿ ಚಿಕಿತ್ಸೆ ಪಡೆದು ಎದ್ದು ನಿಂತ. ಮರುವರ್ಷವೇ ಸ್ನೂಪ್ ಆತನ ಹಳೆಯ ಹಾಡನ್ನು ಹೊಸದಾಗಿ ಕಟ್ಟಿ, ಅದನ್ನು ಆತನಿಂದಲೇ ಹಾಡಿಸಿದ. 'ಅಂಕಲ್ ಚಾರ್ಲಿ' ಎಂದು ಕರೆದವನೂ ಸ್ನೂಪ್. 2003ರ 'ಬ್ಯೂಟಿಫುಲ್'ನಲ್ಲಿ ಮತ್ತೆ ಅದೇ ಕಂಠವಿದೆ. 2009ರಲ್ಲಿ ವಿಲ್ಸನ್ ತನ್ನ ಆಲ್ಬಮ್ಮಿಗೆ ಇಟ್ಟ ಹೆಸರೂ 'ಅಂಕಲ್ ಚಾರ್ಲಿ'.

ಕಿಚ್ಚು ಎಲ್ಲಿ ಎಂದು ಕೇಳಿದಿರಲ್ಲ, ಕೇಳುವ ಕಿವಿ ಇದ್ದರೆ ಇಲ್ಲಿದೆ. ಅಡುಗೆಮನೆಯ ಒಲೆಯಲ್ಲಿ ಉರಿಯುವುದೂ ಬೆಂಕಿಯೇ ಅಲ್ಲವೇ?

ಇದು ಒಬ್ಬ ಸ್ನೂಪ್‌ನ ಪಾಡಲ್ಲ. ಅದೇ 1996ರಲ್ಲಿ ನ್ಯೂಯಾರ್ಕಿನ ರ‍್ಯಾಪರ್ ನ್ಯಾಸ್ ಎರಡನೆಯ ಆಲ್ಬಂ ತಂದಾಗ, ಮೊದಲಿನ 'ಇಲ್‌ಮ್ಯಾಟಿಕ್' ಅನ್ನು ತಲೆಯ ಮೇಲೆ ಹೊತ್ತಿದ್ದವರು ಮಾರುಕಟ್ಟೆಗೆ ಮಾರಿಕೊಂಡ ಎಂದರು. 2005ರಲ್ಲಿ ಇನ್ನೊಬ್ಬ ರ‍್ಯಾಪರ್ 50 ಸೆಂಟ್‌ನ 'ದ ಮ್ಯಾಸಕರ್' ನಾಲ್ಕೇ ದಿನಗಳಲ್ಲಿ 11 ಲಕ್ಷ ದಾಟಿದರೂ ವಿಮರ್ಶಕರು ಮೂಗು ಮುರಿದರು. ಆ ಆಲ್ಬಂ ಬಗ್ಗೆ ನನಗೂ ತಕರಾರಿದೆ, ಆ ಮಾತು ಬೇರೆ. ಗುಂಡು ತಿಂದು ಬದುಕಿದವನು ಬಂಗಲೆ ಕಟ್ಟಿಸಿದ ಮೇಲೂ ಗುಂಡಿನ ಹಾಡನ್ನೇ ಹಾಡಿದರೆ ನಟನೆ ಎನ್ನುತ್ತಾರೆ, ಬಿಟ್ಟರೆ ಮೆತ್ತಗಾದ ಎನ್ನುತ್ತಾರೆ. ದುಡಿದು ಮೇಲೆ ಬಂದ ಬಡವನಿಗೆ ಈ ಜನ ಬಿಟ್ಟಿರುವ ದಾರಿ ಯಾವುದು?

ನಮ್ಮ ಪತ್ರಿಕೆಗೆ ಬರುವ ವಿಮರ್ಶೆಗಳಲ್ಲೂ ಇದೇ ರೋಗ ಕಾಣುತ್ತಿದ್ದೇನೆ. ಎರಡನೆಯ ಕವನ ಸಂಕಲನ, ಎರಡನೆಯ ಸಿನಿಮಾ, ಎರಡನೆಯ ಕಾದಂಬರಿ, ಯಾವುದೇ ಇರಲಿ, ಎರಡನೆಯ ಪ್ಯಾರಾದಲ್ಲಿ "ಮೊದಲಿನ ಮೊನಚು ಇಲ್ಲ" ಎಂಬ ಸಾಲು ತಪ್ಪದೆ ಇರುತ್ತದೆ. ಹಸಿವಿನ ಬಗ್ಗೆ ಬರೆದ ಹುಡುಗ ಹೊಟ್ಟೆ ತುಂಬ ಊಟ ಮಾಡಿದ್ದು ಇವರಿಗೆ ಸಹಿಸುವುದಿಲ್ಲ. ಬೆಳಿಗ್ಗೆ ಪುಸ್ತಕ ಬಂದರೆ ಸಂಜೆಗೆ ತೀರ್ಪು, ಅದಕ್ಕೆ ಮೂರು ಚುಕ್ಕಿ, ಮೂರೂವರೆ ಚುಕ್ಕಿ. ನಾನು ಚುಕ್ಕಿಗಳನ್ನು ಅಚ್ಚು ಹಾಕುವುದಿಲ್ಲ ಎಂದು ಕೆಲವರು ಮುನಿಸಿಕೊಂಡಿದ್ದಾರೆ, ಮುನಿಸಿಕೊಳ್ಳಲಿ. ಮೊನಚು ಇಲ್ಲ ಎಂಬ ಸಾಲು ಕಂಡಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, "ಇದರ ಬದಲು ಏನಿದೆ ಎಂದು ಬರೆಯಿರಿ" ಎಂದು ವಾಪಸು ಕಳಿಸುತ್ತೇನೆ. ಮತ್ತೆ ಬರೆದು ಕಳಿಸಿದವರ ಲೇಖನ ಪ್ರತಿ ಸಲವೂ ಮೊದಲಿಗಿಂತ ಚೆನ್ನಾಗಿರುತ್ತದೆ.

ಯಾರ ಮಾತು ನಂಬಬೇಕು ಎಂದು ಕೇಳಿದ್ದೀರಿ. ವಿಮರ್ಶಕರನ್ನು ಬಿಡಿ, ನನ್ನನ್ನೂ ಬಿಡಿ. ನೀವು ಅಂಚಿನಲ್ಲಿ ಬರೆದು ಹೊಡೆದು ಹಾಕಿದಿರಲ್ಲ, ಆ ಸಾಲನ್ನು ನಂಬಿ. ಅಣ್ಣನ ಮೇಲಿನ ಗೌರವಕ್ಕೆ ನಿಮ್ಮ ಕಿವಿಯನ್ನು ಒತ್ತೆ ಇಡಬೇಕಾಗಿಲ್ಲ. ಅವರು ಕೇಳಿ ಪ್ರೀತಿಸಿದ ಮೊದಲ ಆಲ್ಬಮ್ಮನ್ನು ನೀವೂ ಪ್ರೀತಿಸಿ, ಅದು ದೊಡ್ಡ ಕೃತಿ. ಆಮೇಲೆ ಒಂದು ಭಾನುವಾರ ಅವರನ್ನೂ ಕೂರಿಸಿಕೊಂಡು ಎರಡನೆಯದನ್ನು ಹಾಕಿ. ಚಾರ್ಲಿ ವಿಲ್ಸನ್‌ನ ದನಿ ಬಂದಾಗ, ಒಂದು ವರ್ಷದ ಹಿಂದೆ ಅದು ಎಲ್ಲಿತ್ತು ಎಂದು ಅವರಿಗೆ ಹೇಳಿ.

ಆಗಾಗ ಕೇಳುವ ಆ ಒಂದು ಹಾಡು ಯಾವುದೆಂದು ನೀವು ಬರೆದಿಲ್ಲ. ನನಗೊಂದು ಊಹೆಯಿದೆ. ಮುಂದಿನ ಪತ್ರದಲ್ಲಿ ಹೆಸರು ತಿಳಿಸಿ, ಹೊಡೆದು ಹಾಕಬೇಡಿ. ಅಣ್ಣನವರಿಗೆ ನನ್ನ ಮೇಲೆ ಸಿಟ್ಟು ಬಂದರೆ ಅವರೂ ಬರೆಯಲಿ, ಒಂದಕ್ಷರ ಬಿಡದೆ ಪ್ರಕಟಿಸುತ್ತೇನೆ.

ಸಂಪಾದಕ