ಪಂಚಾಯಿತಿಯವರೆಗೆ ಬಂದ ಫೈಬರ್ ಮನೆಗೇಕೆ ಬರುತ್ತಿಲ್ಲ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಚಿಕ್ಕ ಹಳ್ಳಿ. ಗ್ರಾಮ ಪಂಚಾಯಿತಿ ಕಟ್ಟಡಕ್ಕೆ ಆರೇಳು ವರ್ಷಗಳ ಹಿಂದೆಯೇ ಫೈಬರ್ ಬಂದಿದೆ. ನಮ್ಮ ಮನೆ ಅಲ್ಲಿಂದ ನಾಲ್ಕು ಕಿಲೋಮೀಟರ್. ಕೇಳಿದಾಗಲೆಲ್ಲ ‘ಮುಂದಿನ ಹಂತದಲ್ಲಿ ಬರುತ್ತದೆ’ ಎನ್ನುತ್ತಾರೆ. ಮಗಳಿಗೆ ಮನೆಯಿಂದಲೇ ಕೆಲಸ ಮಾಡಲು ಕಂಪನಿಯ ಒಪ್ಪಿಗೆಯಿದೆ, ಆದರೆ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್. ಈ ಕೆಲಸ ಇಷ್ಟು ನಿಧಾನವಾಗಲು ಕಾರಣವೇನು? ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಬಾರಿ ಓದಿದ್ದು ‘ಪಂಚಾಯಿತಿ ಕಟ್ಟಡಕ್ಕೆ ಬಂದಿದೆ’ ಎಂಬ ಮಾತನ್ನು. ಏಕೆಂದರೆ ಯೋಜನೆಯ ಮೂಲ ಗುರಿ ಇದ್ದದ್ದೇ ಅಷ್ಟು. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ, ಅಂದರೆ ಈಗ ನಾವು ಭಾರತ್‌ನೆಟ್ ಎಂದು ಕರೆಯುವ ಯೋಜನೆ, ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಲಾ 100 ಎಂಬಿಪಿಎಸ್ ಸಾಮರ್ಥ್ಯದ ಸಂಪರ್ಕವನ್ನು ಮುಟ್ಟಿಸಬೇಕೆಂದು ಹೊರಟಿತು. ಅಲ್ಲಿಂದ ಮುಂದಿನ ದಾರಿಯನ್ನು ಖಾಸಗಿ ಕಂಪನಿಗಳು, ಕೇಬಲ್ ಟಿವಿಯವರು ಮತ್ತು ಸ್ಥಳೀಯ ಉದ್ಯಮಿಗಳು ತಾವಾಗಿಯೇ ಬಂದು ಪೂರ್ಣಗೊಳಿಸುತ್ತಾರೆ ಎಂಬುದು ಲೆಕ್ಕಾಚಾರವಾಗಿತ್ತು. ಮೊದಲ ಹಂತದ ಒಂದು ಲಕ್ಷ ಪಂಚಾಯಿತಿಗಳ ಗುರಿ 2017ರ ಡಿಸೆಂಬರ್ ಹೊತ್ತಿಗೆ ಮುಗಿಯಿತು, ಸುಮಾರು ಆರು ಸಾವಿರ ಪಂಚಾಯಿತಿಗಳಿರುವ ನಮ್ಮ ರಾಜ್ಯ ಆ ಹಂತದಲ್ಲಿ ಮುಂದಿನ ಸಾಲಿನಲ್ಲಿಯೇ ಇತ್ತು. ಆದರೆ ಮಲೆನಾಡಿನ ಮಟ್ಟಿಗೆ ಆ ಲೆಕ್ಕಾಚಾರ ಫಲಿಸಲಿಲ್ಲ.

ಏಕೆ ಫಲಿಸಲಿಲ್ಲ ಎಂಬುದು ನಿಮ್ಮ ಊರಿನ ರಸ್ತೆಯಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ, ಒಂದು ಕೇರಿಗೆ ಅರ್ಧ ಕಿಲೋಮೀಟರ್ ಕೇಬಲ್ ಎಳೆದರೆ ಮೂವತ್ತು ನಲವತ್ತು ಮನೆ ಸಿಕ್ಕೀತು. ನಿಮ್ಮಲ್ಲಿ ಒಂದು ತೋಟಕ್ಕೊಂದು ಮನೆ. ನಾಲ್ಕು ಕಿಲೋಮೀಟರ್ ಎಳೆದರೂ ಹತ್ತು ಹನ್ನೆರಡು ಮನೆ ಸಿಕ್ಕರೆ ಹೆಚ್ಚು. ತಿಂಗಳ ಬಾಡಿಗೆಯಿಂದ ಬರುವ ಹಣ ಕೇಬಲ್ಲಿನ, ಕಂಬದ ಮತ್ತು ರಿಪೇರಿಯ ಖರ್ಚನ್ನು ಹೊರಲಾರದು. ಹೀಗಾಗಿ ಯಾವ ಕಂಪನಿಯೂ ತಾನಾಗಿ ಬರುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ, ಆದರೆ ಇಂಥ ಊರುಗಳಿಗೆಂದೇ ಸಾರ್ವಜನಿಕ ನಿಧಿ ಇದೆ ಎಂಬುದನ್ನು ಮರೆಯಲೂಬಾರದು. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ 5ರಷ್ಟನ್ನು ಸಾರ್ವತ್ರಿಕ ಸೇವೆಯ ನಿಧಿಗೆ ಕೊಡುತ್ತವೆ. 2023ರ ದೂರಸಂಪರ್ಕ ಕಾಯ್ದೆಯ ನಂತರ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಲಾಭವಿಲ್ಲದ ಊರಿಗೆ ಸಂಪರ್ಕ ಕೊಡಿಸುವುದೇ ಆ ಹಣದ ಕೆಲಸ.

ಎರಡನೆಯ ಕಾರಣ ಹೆಚ್ಚು ಗಂಭೀರವಾದದ್ದು, ಅದರ ಬಗ್ಗೆ ಮಾತು ಮಾತ್ರ ಕಡಿಮೆ. ಎಳೆದ ಫೈಬರನ್ನು ಕಾಯುವವರು ಯಾರು ಎಂಬ ಪ್ರಶ್ನೆ ಅದು. ಮೊದಲ ಹಂತದ ಜಾಲವನ್ನು ಬಹುಮಟ್ಟಿಗೆ ಸಾಲಿನಂತೆ ಹೆಣೆಯಲಾಗಿತ್ತು: ತಾಲ್ಲೂಕು ಕೇಂದ್ರದಿಂದ ಹೊರಟ ಕೇಬಲ್ ಒಂದು ಪಂಚಾಯಿತಿ ದಾಟಿ ಇನ್ನೊಂದಕ್ಕೆ ಹೋಗುತ್ತದೆ, ನಡುವೆ ಎಲ್ಲಿ ಕಡಿದರೂ ಅದರಾಚೆಯ ಊರುಗಳೆಲ್ಲ ಒಟ್ಟಿಗೆ ಕತ್ತಲಾಗುತ್ತವೆ. ಕೇಬಲ್ಲನ್ನು ಸಾಮಾನ್ಯ ಮಣ್ಣಿನಲ್ಲಿ 1.65 ಮೀಟರ್ ಆಳದಲ್ಲಿ ಹೂಳಬೇಕೆಂಬುದು ನಿಯಮ. ಬಂಡೆಯಿದ್ದ ಕಡೆ ಅಷ್ಟು ಆಳ ಸಿಗುವುದಿಲ್ಲ. ಆಮೇಲೆ ರಸ್ತೆ ಅಗಲೀಕರಣ ಬಂತು, 2019ರಿಂದ ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಕಾಮಗಾರಿ ಬಂತು, ಇವೆರಡಕ್ಕೂ ಜೆಸಿಬಿ ಅಗೆಯುವುದು ಫೈಬರ್ ಹೂತ ಅದೇ ರಸ್ತೆಯಂಚನ್ನು. ಅಗೆಯುವವರು ಮೊದಲು ತಿಳಿಸಲೆಂದು 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ, ಆದರೆ ಉಪಗುತ್ತಿಗೆಯ ಜೆಸಿಬಿ ಚಾಲಕನವರೆಗೆ ಆ ಸುದ್ದಿ ಇಳಿದದ್ದನ್ನು ನಾನು ಕಂಡದ್ದು ಅಪರೂಪ.

ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಒಂದು ಪಂಚಾಯಿತಿಯಲ್ಲಿ ‘ಫೈಬರ್ ಬಂದು ವರ್ಷಗಳಾದರೂ ಒಂದು ದಿನ ನೆಟ್ ನೋಡಿಲ್ಲ’ ಎಂದು ಸದಸ್ಯರು ಬೇಸರದಿಂದ ಹೇಳಿದರು. ಕಡತಗಳ ಕಪಾಟಿನ ಹಿಂದೆ ಫೈಬರಿನ ಉಪಕರಣವಿಟ್ಟ, ಗೋಡೆಗೆ ಹೊಡೆದ ಕಬ್ಬಿಣದ ಪೆಟ್ಟಿಗೆಯಿತ್ತು. ಬೀಗದ ಕೈ ಯಾರ ಬಳಿಯೂ ಇರಲಿಲ್ಲ. ಒಡೆದು ನೋಡಿದಾಗ ಬ್ಯಾಟರಿ ಉಬ್ಬಿ ಸತ್ತಿತ್ತು, ಕರೆಂಟಿನ ಪ್ಲಗ್ ತೆಗೆದು ಆ ಜಾಗಕ್ಕೆ ಜೆರಾಕ್ಸ್ ಯಂತ್ರದ ಪ್ಲಗ್ ಹಾಕಿದ್ದರು. ಪ್ಲಗ್ ಮರಳಿ ಹಾಕಿ ಎರಡು ನಿಮಿಷ ಕಾದೆವು. ಮಾಹಿತಿಯನ್ನು ಹೊತ್ತು ತರುವ ಫೈಬರಿನ ಬೆಳಕು ಸರಿಯಾಗಿಯೇ ಬರುತ್ತಿತ್ತು, ಉಪಕರಣ ಜಾಲದಲ್ಲಿ ನೋಂದಣಿಯಾಗಿ ಹಸಿರು ದೀಪ ನಿಂತಿತು. ಅಷ್ಟು ವರ್ಷ ಆ ಊರಿನ ಬಾಗಿಲಿಗೆ ಇಂಟರ್‌ನೆಟ್ ಬಂದು ನಿಂತಿತ್ತು. ಇದನ್ನು ಯಾರನ್ನೂ ದೂಷಿಸಲು ಹೇಳುತ್ತಿಲ್ಲ. ಆ ಪೆಟ್ಟಿಗೆ ಪಂಚಾಯಿತಿಯದೋ, ದೂರಸಂಪರ್ಕದವರದೋ, ಗುತ್ತಿಗೆದಾರರದೋ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಹಳ್ಳಿಗಳ ಬ್ರಾಡ್‌ಬ್ಯಾಂಡ್ ನಿಧಾನವಾಗಿರುವುದು ತಂತ್ರಜ್ಞಾನದ ಕೊರತೆಯಿಂದಲ್ಲ, ವಾರಸುದಾರರಿಲ್ಲದೆ ಎಂದು ನಾನು ಅಂದಿನಿಂದ ದೃಢವಾಗಿ ನಂಬಿದ್ದೇನೆ.

ಈ ತಪ್ಪಿನ ಅರಿವು ಮೇಲಿನವರಿಗೂ ಆಗಿದೆ. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಮಾಡಿದ ಭಾರತ್‌ನೆಟ್ ಯೋಜನೆಗೆ ಸಂಪುಟ ಒಪ್ಪಿತು. ಅದರಲ್ಲಿ ನಿಮಗೆ ಸಂಬಂಧಿಸಿದ ಮಾತು ಮೂರು. ಸಾಲಿನ ಬದಲು ಉಂಗುರದಂತೆ ಜಾಲ ಹೆಣೆಯಬೇಕು, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಬರಬೇಕು. ಜಾಲ ಕಟ್ಟಿದವರೇ ಹತ್ತು ವರ್ಷ ಅದರ ನಿರ್ವಹಣೆಯನ್ನೂ ಮಾಡಬೇಕು. ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೆ ಬೇಡಿಕೆ ಬಂದರೆ ಸಂಪರ್ಕ ಕೊಡಬೇಕು. ಈ ಕಡೆಯ ಷರತ್ತಿನ ‘ಬೇಡಿಕೆ ಬಂದರೆ’ ಎಂಬ ಪದಗಳನ್ನು ದಯವಿಟ್ಟು ಗಮನಿಸಿ. ನೀವು ಮಾಡಬಹುದಾದ ಕೆಲಸ ಅಲ್ಲಿಯೇ ಇದೆ.

ಒಬ್ಬೊಬ್ಬರೇ ಹೋಗಿ ‘ನಮ್ಮ ಮನೆಗೆ ಯಾವಾಗ’ ಎಂದು ಕೇಳಿದರೆ ಸಿಗುವ ಉತ್ತರ ನಿಮಗೆ ಈಗಾಗಲೇ ಸಿಕ್ಕಿದೆ. ಬದಲಿಗೆ ಒಂದೇ ದಾರಿಯಲ್ಲಿರುವ ಮನೆಗಳೆಲ್ಲ ಸೇರಿ ಒಂದು ಪಟ್ಟಿ ಮಾಡಿ. ಎಷ್ಟು ಮನೆ, ಪಂಚಾಯಿತಿಯಿಂದ ಎಷ್ಟು ದೂರ, ದಾರಿಯಲ್ಲಿ ಎಷ್ಟು ವಿದ್ಯುತ್ ಕಂಬ, ಯಾವ ತೋಟದ ಮೂಲಕ ಕೇಬಲ್ ಹಾಯಲು ಮಾಲೀಕರ ಒಪ್ಪಿಗೆಯಿದೆ, ಎಷ್ಟು ಜನ ತಿಂಗಳ ಬಾಡಿಗೆ ಕಟ್ಟಲು ಸಿದ್ಧರು, ಇವಿಷ್ಟನ್ನೂ ಸಹಿಯೊಂದಿಗೆ ಬರೆಯಿರಿ. ಶಾಲೆ, ಅಂಗನವಾಡಿ, ಹಾಲಿನ ಡೇರಿ ಆ ದಾರಿಯಲ್ಲಿದ್ದರೆ ಅವನ್ನೂ ಸೇರಿಸಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಮಂಡಿಸಿ ನಿರ್ಣಯ ಮಾಡಿಸಿ, ಪ್ರತಿಯನ್ನು ಜಿಲ್ಲೆಯ ದೂರಸಂಪರ್ಕ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಿ. ಹಳ್ಳಿಯಲ್ಲಿ ಕೇಬಲ್ ನಡೆಸುವ ಯುವಕರಿಗೆ ಆದಾಯದಲ್ಲಿ ಪಾಲು ಕೊಟ್ಟು ಮನೆಸಂಪರ್ಕ ಒಪ್ಪಿಸುವ ವ್ಯವಸ್ಥೆ ಈಗ ಇದೆ, ಖಚಿತವಾದ ಹನ್ನೆರಡು ಗ್ರಾಹಕರ ಪಟ್ಟಿ ಅಂಥವರ ಕೈಗೆ ಸಿಕ್ಕರೆ ಮಾತು ಬೇಗ ಮುಂದುವರಿಯುತ್ತದೆ. ಪಂಚಾಯಿತಿಯ ಉಪಕರಣ ಕೆಲಸ ಮಾಡುತ್ತಿದೆಯೇ, ಕಳೆದ ವರ್ಷ ಎಷ್ಟು ದಿನ ಬಂದ್ ಆಗಿತ್ತು, ನಿರ್ವಹಣೆಯ ಹೊಣೆ ಯಾರದು ಎಂಬುದನ್ನು ಮಾಹಿತಿ ಹಕ್ಕಿನ ಅಡಿ ಕೇಳಿದರೆ 30 ದಿನಗಳೊಳಗೆ ಲಿಖಿತ ಉತ್ತರ ಪಡೆಯುವ ಹಕ್ಕು ನಿಮಗಿದೆ. ‘ವೇಗ ಎಷ್ಟು’ ಎಂದು ಕೇಳುವುದಕ್ಕಿಂತ ‘ಕಡಿದರೆ ಯಾರು ಬರುತ್ತಾರೆ’ ಎಂದು ಕೇಳುವುದು ಹೆಚ್ಚು ಉಪಯುಕ್ತ.

ನಿಮ್ಮ ದಾರಿ ಅಭಯಾರಣ್ಯದೊಳಗೆ ಹಾಯುವುದಾದರೆ ಅರಣ್ಯ ಇಲಾಖೆಯ ಪ್ರತ್ಯೇಕ ಅನುಮತಿ ಬೇಕಾಗುತ್ತದೆ, ಅದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ. ಅಲ್ಲಿ ನೆಲ ಅಗೆಯುವುದಕ್ಕಿಂತ ಈಗಾಗಲೇ ಇರುವ ವಿದ್ಯುತ್ ಕಂಬಗಳ ಮೇಲೆ ಎಳೆಯುವ ದಾರಿಯನ್ನು ಮೊದಲು ಪರಿಶೀಲಿಸಲು ಕೇಳಿ.

ಪ್ರಶ್ನೆ: ನಾವು ಸಿರಸಿ ಸಮೀಪದವರು. ಮನೆಗೆ ಫೈಬರ್ ಬಂದು ಎರಡು ವರ್ಷವಾಯಿತು. 50 ಎಂಬಿಪಿಎಸ್ ಎಂದು ಹಣ ಕಟ್ಟುತ್ತೇವೆ, ರಾತ್ರಿ ಎಂಟರ ನಂತರ 5 ಕೂಡ ಬರುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಬಂದ್. ತೊಂದರೆ ನಮ್ಮ ಮನೆಯಲ್ಲಿದೆಯೋ, ಅವರ ಕಡೆಯೋ?

ಉತ್ತರ: ಇದನ್ನು ನೀವೇ ಅರ್ಧ ಗಂಟೆಯಲ್ಲಿ ತಿಳಿಯಬಹುದು. ಮೊದಲು ವೈಫೈ ಬಿಟ್ಟು, ಲ್ಯಾನ್ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ನೇರವಾಗಿ ಮೋಡೆಮ್‌ಗೆ ಜೋಡಿಸಿ ವೇಗ ಅಳೆಯಿರಿ. ಹಳೆಯ ಮನೆಗಳ ದಪ್ಪ ಜಂಬಿಟ್ಟಿಗೆ ಗೋಡೆಗಳು ವೈಫೈಯನ್ನು ಬಹಳ ತಿನ್ನುತ್ತವೆ, ಜಗಲಿಯಲ್ಲಿ ಮೋಡೆಮ್ ಇಟ್ಟು ಹಿತ್ತಿಲ ಕೋಣೆಯಲ್ಲಿ ವೇಗ ಅಳೆದರೆ ತಪ್ಪು ಲೈನಿನದಲ್ಲ. ಕೇಬಲ್ ಜೋಡಿಸಿದಾಗಲೂ ಬೆಳಗಿನ ಜಾವ 50 ಬಂದು ರಾತ್ರಿ 5 ಬಂದರೆ ಫೈಬರ್ ಸರಿಯಿದೆ, ಊರಿನಿಂದ ಮೇಲಕ್ಕೆ ಹೋಗುವ ದಾರಿ ಇಕ್ಕಟ್ಟಾಗಿದೆ ಎಂದರ್ಥ. ಮನೆಗಳ ಸಂಖ್ಯೆ ಹೆಚ್ಚಿದರೂ ಮೇಲಿನ ಸಾಮರ್ಥ್ಯವನ್ನು ಹೆಚ್ಚಿಸದೆ ಬಿಟ್ಟಾಗ ಹೀಗಾಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಅಳತೆಗಳನ್ನು ಒಂದು ವಾರ ಬರೆದಿಟ್ಟು ದೂರಿಗೆ ಲಗತ್ತಿಸಿ, ದೂರಿನ ಡಾಕೆಟ್ ಸಂಖ್ಯೆಯನ್ನು ತಪ್ಪದೆ ಪಡೆಯಿರಿ. ಅದರಿಂದ ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕು. ಒಂದು ವಿಷಯ ತಿಳಿದಿರಲಿ: 2023ರ ಜನವರಿಯಿಂದ ಸರ್ಕಾರದ ವ್ಯಾಖ್ಯೆಯಂತೆ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಆದ್ದರಿಂದ ‘ಇದು ಬ್ರಾಡ್‌ಬ್ಯಾಂಡೇ ಅಲ್ಲ’ ಎಂದು ಬರೆಯಬೇಡಿ, ‘ಹಣ ಪಡೆದ ಯೋಜನೆಯ ವೇಗ ಕೊಡುತ್ತಿಲ್ಲ’ ಎಂದು ಬರೆಯಿರಿ.

ಮಳೆಗಾಲದ ಬಂದ್ ಬೇರೆಯೇ ಸಮಸ್ಯೆ. ಮೋಡೆಮ್ ಮೇಲೆ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗಿದರೆ ಬೆಳಕು ನಿಮ್ಮ ಮನೆಗೆ ಬರುತ್ತಲೇ ಇಲ್ಲ, ಎಲ್ಲೋ ತಂತಿ ಕಡಿದಿದೆ. ದೀಪ ಹಸಿರಿದ್ದರೂ ಸಂಪರ್ಕ ಬಂದು ಬಂದು ಹೋಗುತ್ತಿದ್ದರೆ ಬ್ರೌಸರಿನಲ್ಲಿ ತೆರೆಯುವ ಮೋಡೆಮಿನ ಪುಟದಲ್ಲಿ ಆರ್‌ಎಕ್ಸ್ ಪವರ್, ಅಂದರೆ ಮನೆಗೆ ತಲುಪುವ ಬೆಳಕಿನ ಬಲ, ಎಂಬ ಅಂಕಿ ನೋಡಿ. ಅದು ಮೈನಸ್ 20ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಮೈನಸ್ 27ಕ್ಕೆ ಇಳಿದಿದ್ದರೆ ದಾರಿಯಲ್ಲಿ ಬೆಳಕು ಸೋರುತ್ತಿದೆ: ಜಾಯಿಂಟ್ ಪೆಟ್ಟಿಗೆಯಲ್ಲಿ ನೀರು ನಿಂತಿರಬಹುದು, ಅಡಿಕೆ ಮರಕ್ಕೆ ಕಟ್ಟಿದ ತಂತಿ ಗಾಳಿಗೆ ಎಳೆದು ಮಡಚಿಕೊಂಡಿರಬಹುದು, ಅಳಿಲು ಕಡಿದಿರಬಹುದು. ಈ ಅಂಕಿಯ ಫೋಟೊ ತೆಗೆದು ಲೈನ್‌ಮನ್‌ಗೆ ಕಳುಹಿಸಿದರೆ ಅವರು ಸರಿಯಾದ ಉಪಕರಣದೊಂದಿಗೆ ಬರುತ್ತಾರೆ, ನಿಮ್ಮದೂ ಅವರದೂ ಒಂದು ದಿನ ಉಳಿಯುತ್ತದೆ. ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ, ತಂತಿಯ ಮೇಲೆ ಬಾಗಿದ ಕೊಂಬೆಗಳನ್ನು ಊರಿನವರೇ ಸವರಿಸಿದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ವಿದ್ಯುತ್ ಕಂಬಗಳ ಹತ್ತಿರದ ಕೊಂಬೆಗಳನ್ನು ಮಾತ್ರ ಮೆಸ್ಕಾಂ, ಹೆಸ್ಕಾಂ ಸಿಬ್ಬಂದಿಗೇ ಬಿಡಿ.

ಪ್ರಶ್ನೆ: ಫೈಬರಿಗಾಗಿ ಕಾಯುವ ಬದಲು ಉಪಗ್ರಹದ ಇಂಟರ್‌ನೆಟ್ ಹಾಕಿಸಿಕೊಳ್ಳಬಹುದೇ? (ತೀರ್ಥಹಳ್ಳಿಯಿಂದ ಒಬ್ಬ ಓದುಗರು)

ಉತ್ತರ: ಫೈಬರ್ ಸದ್ಯಕ್ಕೆ ಬರುವ ಲಕ್ಷಣವೇ ಇಲ್ಲದ ಒಂಟಿ ಮನೆಗೆ ಅದು ಒಳ್ಳೆಯ ಆಯ್ಕೆಯಾಗಬಲ್ಲದು. ಹಳೆಯ ಬಗೆಯ ಉಪಗ್ರಹಗಳು 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು, ವಿಡಿಯೊ ಸಭೆಗೆ ಅದು ತೊಡಕು. ಸ್ಟಾರ್‌ಲಿಂಕ್‌ನಂಥ ಹೊಸ ಜಾಲಗಳ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವುದರಿಂದ ಆ ತೊಡಕಿಲ್ಲ. ಆ ಸಂಸ್ಥೆಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿಯೂ ಸಿಕ್ಕಿದೆ. ಆದರೆ ಇವುಗಳ ಡಿಶ್‌ಗೆ ಅಗಲವಾದ ಬರಿಯ ಆಕಾಶ ಬೇಕು. ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ, ಮುಂದೆ ಹಲಸಿನ ಮರವಿರುವ ಅಂಗಳದಲ್ಲಿ ಪ್ರತಿ ಕೆಲವು ನಿಮಿಷಕ್ಕೊಮ್ಮೆ ಸಂಪರ್ಕ ತುಂಡಾಗುತ್ತದೆ, ಜುಲೈ ತಿಂಗಳ ಜಡಿಮಳೆಯಲ್ಲಿ ಇನ್ನೂ ಹೆಚ್ಚು. ಹಣ ಕಟ್ಟುವ ಮುನ್ನ ಮಾಡಿನ ಮೇಲೆ ಹತ್ತಿ ನಾಲ್ಕೂ ದಿಕ್ಕಿಗೆ ಎಷ್ಟು ಆಕಾಶ ಕಾಣುತ್ತದೆ ಎಂದು ನೋಡಿ. ಮನೆಯ ಮೇಲೆ ಆಗದಿದ್ದರೆ ಗದ್ದೆಯ ಬಯಲಿನಲ್ಲಿ ಕಂಬ ನೆಟ್ಟು ಅಲ್ಲಿಂದ ಕೇಬಲ್ ತರುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅಕ್ಕಪಕ್ಕ ಐದಾರು ಮನೆಗಳಿದ್ದರೆ ಮಾತ್ರ, ಮೇಲೆ ಹೊಸನಗರದವರಿಗೆ ಹೇಳಿದ ಪಟ್ಟಿಯನ್ನು ಮೊದಲು ಮಾಡಿ ಕೊಟ್ಟು ನೋಡಿ.